ಪಾಠ ಎಷ್ಟು ಕಷ್ಟ? ಮಗುವನ್ನೇ ಕೇಳಿ



ಆರನೇ ತರಗತಿಯ ವಿಜ್ಞಾನದ ಅವಧಿಯೊಂದನ್ನು ನೆನಪಿಸಿಕೊಳ್ಳಿ. ಇಂಗ್ಲಿಷಿನಲ್ಲಿರುವ ಒಂದು ಪುಟವನ್ನು ಹುಡುಗಿಯೊಬ್ಬಳು ಎಲ್ಲಿಯೂ ತಡವರಿಸದೆ ಗಟ್ಟಿಯಾಗಿ ಓದಿ ಮುಗಿಸುತ್ತಾಳೆ. 'ಏನು ಹೇಳಿದೆಯಮ್ಮಾ ಇದರಲ್ಲಿ?' ಎಂದು ಕನ್ನಡದಲ್ಲಿ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಾಳೆ. ಗಾಳಿ ಇದ್ದ ದಿನ ಬಟ್ಟೆ ಬೇಗ ಒಣಗುತ್ತದೆ ಎಂಬುದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಕಿರುಪರೀಕ್ಷೆಯಲ್ಲಿ ಅಂಕ ಬರುವುದಿಲ್ಲ. ನಾವು 'ವಿಜ್ಞಾನದಲ್ಲಿ ಹಿಂದೆ' ಎಂದು ಬರೆದುಬಿಡುತ್ತೇವೆ. ಹಿಂದೆ ಬಿದ್ದದ್ದು ವಿಜ್ಞಾನದಲ್ಲಿ ಅಲ್ಲ. ಅವಳ ಕೈಗೆ ನಾವು ಕೊಟ್ಟ ಪುಟ ಅವಳ ಓದಿನ ಮಟ್ಟಕ್ಕೆ ಹೊಂದಿಲ್ಲ, ಅಷ್ಟೇ.

ನಮ್ಮ ರಾಜ್ಯದಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಇದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಇಂಗ್ಲಿಷ್ ಪುಟ ಮಗುವಿನ ಮುಂದೆ ಬಂದಾಗಿದೆ. ಅದು ಯಾವ ಮಗುವಿಗೆ ಎಷ್ಟು ಕಷ್ಟ ಎಂದು ತಿಳಿಯುವುದು ಹೇಗೆ?

ಪಠ್ಯದ ಕಷ್ಟವನ್ನು ಲೆಕ್ಕದಲ್ಲಿ ಹಿಡಿಯಲು ಅನೇಕರು ಪ್ರಯತ್ನಿಸಿದ್ದಾರೆ. ವಿಯೆನ್ನಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ರುಡಾಲ್ಫ್ ಫ್ಲೆಶ್ 1948ರಲ್ಲಿ ಒಂದು ಸೂತ್ರ ಕೊಟ್ಟರು. ವಾಕ್ಯದಲ್ಲಿ ಸರಾಸರಿ ಎಷ್ಟು ಪದ, ಪದದಲ್ಲಿ ಸರಾಸರಿ ಎಷ್ಟು ಉಚ್ಚಾರಾಂಶ ಎಂಬ ಎರಡೇ ಸಂಖ್ಯೆಗಳು ಸಾಕು. 1975ರಲ್ಲಿ ಕಿಂಕೇಡ್ ಮತ್ತು ಸಂಗಡಿಗರು ಅಮೆರಿಕದ ನೌಕಾಪಡೆಗಾಗಿ ಇದನ್ನು ಬದಲಿಸಿ, ಉತ್ತರ ತರಗತಿಯ ಸಂಖ್ಯೆಯಾಗಿಯೇ ಬರುವಂತೆ ಮಾಡಿದರು. ಇಂದು ಕಂಪ್ಯೂಟರ್ ಕ್ಷಣದಲ್ಲಿ ಈ ಲೆಕ್ಕ ಮಾಡಿಕೊಡುತ್ತದೆ.

ಒಂದು ಸಣ್ಣ ಪ್ರಯೋಗ ಮಾಡೋಣ. 'ಡ್ಯೂ ಫಾರ್ಮ್ಸ್ ಆಟ್ ನೈಟ್' ಎಂಬ ವಾಕ್ಯವನ್ನು ಈ ಸೂತ್ರಕ್ಕೆ ಹಾಕಿದರೆ ಉತ್ತರ ಸೊನ್ನೆಗಿಂತಲೂ ಕಡಿಮೆ, ಅಂದರೆ ಒಂದನೇ ತರಗತಿಗಿಂತ ಕೆಳಗೆ. 'ಎಲಿಫೆಂಟ್ಸ್ ಅಂಡ್ ಬಟರ್‌ಫ್ಲೈಸ್ ಆರ್ ಅನಿಮಲ್ಸ್' ಎಂಬುದನ್ನು ಹಾಕಿದರೆ ಹನ್ನೆರಡು ದಾಟುತ್ತದೆ, ಅಂದರೆ ದ್ವಿತೀಯ ಪಿಯುಸಿ! ಈ ಸೂತ್ರವನ್ನು ಒಂದೊಂದೇ ವಾಕ್ಯಕ್ಕೆ ಬಳಸಬಾರದು, ಅದು ದೊಡ್ಡ ಭಾಗಗಳಿಗಾಗಿ ಮಾಡಿದ್ದು, ಒಪ್ಪೋಣ. ಆದರೂ ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಎರಡನೆಯದು ಬಹುತೇಕರಿಗೆ ಅರ್ಥವಾಗುತ್ತದೆ. 'ಡ್ಯೂ' ಎಂದರೆ ಇಬ್ಬನಿ ಎಂದು ಹೇಳುವವರು ಎಷ್ಟು ಮಂದಿ?

ಇಂಗ್ಲಿಷ್ ಮನೆಮಾತಾದ ಮಗುವಿಗೆ ಸಣ್ಣ ಪದವೆಂದರೆ ಸಾಮಾನ್ಯವಾಗಿ ಪರಿಚಿತ ಪದ. ನಮ್ಮ ಮಕ್ಕಳ ವಿಷಯ ಬೇರೆ. ಬ್ಯಾಟರಿ, ಸಿಲಿಂಡರ್, ಮೊಬೈಲ್, ಟೆಂಪರೇಚರ್, ಹಾಸ್ಪಿಟಲ್ ಎಲ್ಲವೂ ಅವರ ಮಾತಿನಲ್ಲಿ ಆಗಲೇ ಇವೆ. ಅವರನ್ನು ಎಡವಿಸುವುದು ಪುಟ್ಟ ಪದಗಳೇ. 'ಪ್ಲಾಂಟ್ಸ್ ಗಿವ್ ಆಫ್ ಆಕ್ಸಿಜನ್' ಎಂಬಲ್ಲಿ ಆಕ್ಸಿಜನ್ ಕಷ್ಟವಲ್ಲ, ಕೊರೊನಾ ಕಾಲದಲ್ಲಿ ಅದನ್ನು ಊರೆಲ್ಲ ಕಲಿಯಿತು. 'ಗಿವ್' ಎಂದರೆ ಕೊಡು. 'ಆಫ್' ಎಂದರೆ ಮಗುವಿಗೆ ಗೊತ್ತಿರುವುದು ಸ್ವಿಚ್ ಆರಿಸುವುದು. ಎರಡೂ ಸೇರಿ 'ಹೊರಬಿಡು' ಆಗುತ್ತದೆಂದು ಅದು ಹೇಗೆ ಊಹಿಸಬೇಕು? ನಾವು ಕಪ್ಪು ಹಲಗೆಯ ಮೇಲೆ 'ಕಠಿಣ ಪದಗಳು' ಎಂದು ಆಕ್ಸಿಜನ್ ಬರೆಯುತ್ತೇವೆ, 'ಗಿವ್ ಆಫ್' ಬರೆಯುವುದಿಲ್ಲ.

ಈ ತೊಂದರೆಯನ್ನು ನೂರು ವರ್ಷಗಳ ಹಿಂದೆಯೇ ಒಬ್ಬರು ಗಮನಿಸಿದ್ದರು. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಮೈಕಲ್ ವೆಸ್ಟ್, ಬಂಗಾಳಿ ಮಕ್ಕಳ ಇಂಗ್ಲಿಷ್ ವಾಚಕಗಳಲ್ಲಿ ಹೊಸ ಪದಗಳು ಒತ್ತೊತ್ತಾಗಿ ಬರುವುದನ್ನು ಕಂಡರು. ಅವುಗಳಲ್ಲಿ ಎಷ್ಟೋ ಪದಗಳು ಮಕ್ಕಳಿಗೆ ಬಳಕೆಗೆ ಬಾರದವು. ವೆಸ್ಟ್ ಅಂಥವನ್ನು ತೆಗೆದು, ಹೊಸ ಪದಗಳ ನಡುವೆ ಸಾಕಷ್ಟು ಅಂತರವಿಟ್ಟು, ಬಂದ ಪದ ಮತ್ತೆ ಮತ್ತೆ ಬರುವಂತೆ ವಾಚಕಗಳನ್ನು ಬರೆದರು. ನಮ್ಮಂಥ ಮಕ್ಕಳ ನಡುವೆ ಕುಳಿತೇ ಹುಟ್ಟಿದ ಈ ವಿಚಾರ ನಮಗೆ ಮರೆತುಹೋಗಿರುವುದು ವಿಚಿತ್ರ.

ಹಾಗಾದರೆ ತರಗತಿಯಲ್ಲಿ ಏನು ಮಾಡಬಹುದು? ಸುಮಾರು ನೂರು ಪದಗಳ ಒಂದು ಭಾಗ ಆರಿಸಿ. ಒಂದೊಂದೇ ಮಗುವನ್ನು ಹತ್ತಿರ ಕೂರಿಸಿಕೊಂಡು ಓದಿಸಿ. ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಲು ಹೇಳಿ. ಒಂದು ಕೈಯ ಐದು ಬೆರಳಿನೊಳಗೆ ಮುಗಿದರೆ ಆ ಪುಟವನ್ನು ನಿಮ್ಮ ನೆರವಿನಿಂದ ಕಲಿಸಬಹುದು. ಎರಡನೇ ಕೈಯೂ ಮುಗಿದರೆ ಆ ಪುಟ ಆ ಮಗುವಿಗೆ ಈಗ ಬೇಡ. 1946ರಲ್ಲಿ ಅಮೆರಿಕದ ಎಮೆಟ್ ಬೆಟ್ಸ್ ಹೇಳಿದ ಅಳತೆಯೂ ಹೆಚ್ಚುಕಡಿಮೆ ಇದೇ: ನೂರಕ್ಕೆ 95 ಪದ ತಿಳಿದಿದ್ದರೆ ಕಲಿಸಬಹುದು, 90ಕ್ಕಿಂತ ಕಡಿಮೆಯಾದರೆ ಮಗು ಕೈಚೆಲ್ಲುತ್ತದೆ. ಆದರೆ ಬೆರಳನ್ನಷ್ಟೇ ನಂಬಬೇಡಿ. ನಮ್ಮ ಮಕ್ಕಳು ಅರ್ಥವಾಗದ ಪದವನ್ನೂ ಸಲೀಸಾಗಿ ಉಚ್ಚರಿಸುತ್ತಾರೆ. ಆದ್ದರಿಂದ ಓದಿದ ಮೇಲೆ ನಾಲ್ಕು ಪ್ರಶ್ನೆ ಕೇಳಿ, ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರಿಸಲಿ. ಮೂರಾದರೂ ಸರಿಯಿರಬೇಕು.

ನಲವತ್ತು ಮಕ್ಕಳಿರುವಲ್ಲಿ ಇದು ಸಾಧ್ಯವೇ ಎಂದು ನೀವು ಕೇಳುವಿರಿ. ದಿನಕ್ಕೆ ನಾಲ್ವರಂತೆ ಹತ್ತು ದಿನದ ಕೆಲಸ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿಯಲ್ಲಿ, ಪ್ರತಿ ಮಗು ತನ್ನದೇ ಮೆಟ್ಟಿಲಿನಿಂದ ಏಣಿ ಹತ್ತುವುದನ್ನು ನಾವೇ ಒಪ್ಪಿಕೊಂಡಿದ್ದೇವೆ. ನಾಲ್ಕನೇ ತರಗತಿಗೆ ಬಂದೊಡನೆ ಆ ಏಣಿ ಎಲ್ಲಿಗೆ ಹೋಗುತ್ತದೆ?

ಪುಟವನ್ನು ಸರಳಗೊಳಿಸುವಾಗ ಒಂದು ಎಚ್ಚರಿಕೆ. ವಾಕ್ಯ ತುಂಡರಿಸುವ ಉತ್ಸಾಹದಲ್ಲಿ ನಾವು 'ಬಿಕಾಸ್', 'ಇಫ್' ಮುಂತಾದವನ್ನು ಕಿತ್ತುಹಾಕುತ್ತೇವೆ. 'ಬಟ್ಟೆ ಒಣಗುತ್ತದೆ. ಗಾಳಿ ಬೀಸುತ್ತದೆ. ನೀರಾವಿ ಹೋಗುತ್ತದೆ' ಎಂದು ಮೂರು ತುಂಡಾದರೆ ವಾಕ್ಯಗಳು ಸುಲಭವಾದವು, ವಿಜ್ಞಾನ ಮಾತ್ರ ಉಳಿಯಲಿಲ್ಲ. ಪದ ಬದಲಿಸಿ, ಕಾರಣದ ಕೊಂಡಿಯನ್ನು ಬಿಡಬೇಡಿ. ಹಾಗೆಯೇ ಹನ್ನೊಂದು ವರ್ಷದ ಹುಡುಗನಿಗೆ ಓದಿನ ಮಟ್ಟ ಕಡಿಮೆಯೆಂದು ಅಂಗನವಾಡಿಯ ಚಿತ್ರಪುಸ್ತಕ ಕೊಟ್ಟು ಅವಮಾನಿಸಬೇಡಿ. ಭಾಷೆ ಚಿಕ್ಕದಿರಲಿ, ವಿಷಯ ಅವನ ವಯಸ್ಸಿನದಿರಲಿ.

ಇದಕ್ಕೊಂದು ಸುಲಭ ದಾರಿ ನಮ್ಮ ಬೆಂಗಳೂರಿನಲ್ಲೇ ಇದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ನಾಲ್ಕು ಹಂತಗಳ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಎಷ್ಟೋ ಪುಸ್ತಕಗಳು ಕನ್ನಡದಲ್ಲೂ ಇವೆ, ಇಂಗ್ಲಿಷಿನಲ್ಲೂ ಇವೆ. ವಿಜ್ಞಾನದ್ದೊಂದನ್ನು ಮೊದಲು ಕನ್ನಡದಲ್ಲಿ ಓದಿಸಿ, ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ಕೊಡಿ. ಹಿಂದಿನ ವಾರ ಎಂಟು ಬೆರಳು ಮಡಚಿದ್ದ ಮಗು ಈಗ ಎಷ್ಟು ಮಡಚುತ್ತದೆ ಎಂದು ಎಣಿಸಿ, ನಮಗೂ ಬರೆದು ತಿಳಿಸಿ.