ಸ್ಟೇಷನ್ ಹೆಸರು ನಂಬಿ ಇಳೀಬೇಡಿ

ಲಂಡನ್ನಿನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗ-ಹುಡುಗಿಯರಿಗೆ ಬೇಸಿಗೆ ಬಂತೆಂದರೆ ಒಂದೇ ಯೋಚನೆ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ಬಿಗ್ ಬೆನ್, ಟವರ್ ಬ್ರಿಜ್ ಎಲ್ಲಾ ಆಯ್ತು, ಇನ್ನೇನು ತೋರಿಸೋದು? "ಈ ದೇಶದಲ್ಲಿ ಹಳ್ಳಿ ಅಂತ ಇಲ್ವೇನೋ?" ಅಂತ ಅಮ್ಮ ಬೇರೆ ಕೇಳ್ತಾರೆ. ಇದೆ, ರೈಲಲ್ಲೇ ಹೋಗಬಹುದು. ಆದ್ರೆ ಪ್ಲ್ಯಾನ್ ಮಾತ್ರ ಉಲ್ಟಾ ಮಾಡ್ಬೇಕು. ಲಂಡನ್ನಿಂದ ಹೊರಡೋದು ಆಮೇಲೆ, ಹಳ್ಳಿಯ ಬಾಗಿಲಿಗೆ ಮುಟ್ಟೋದು ಹೇಗೆ ಅನ್ನೋದು ಮೊದಲು.

ಡೆಂಟ್ ಅನ್ನೋ ಹಳ್ಳಿಯನ್ನೇ ತಗೊಳ್ಳಿ. ಜಿಲ್ಲೆಯ ಲೆಕ್ಕದಲ್ಲಿ ಕಂಬ್ರಿಯಾ, ಆದರೆ ಇರುವುದು ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದೊಳಗೆ. ಕಲ್ಲು ಹಾಸಿದ ಕಿರಿದಾದ ಬೀದಿಗಳು, ಸುತ್ತ ಹಸಿರು ಗುಡ್ಡ, ಕುರಿಮಂದೆ. ಭೂವಿಜ್ಞಾನಿ ಆಡಂ ಸೆಜ್‌ವಿಕ್ 1785ರಲ್ಲಿ ಹುಟ್ಟಿದ್ದು ಇಲ್ಲೇ. ಊರ ಬೀದಿಯಲ್ಲಿ ಅವರ ನೆನಪಿಗೆ ನಿಲ್ಲಿಸಿದ ಗ್ರಾನೈಟ್ ಬಂಡೆ ಇದೆ.

ರೈಲಿನ ದಾರಿ ಸುಲಭ. ಕಿಂಗ್ಸ್ ಕ್ರಾಸ್‌ನಿಂದ ಲೀಡ್ಸ್‌ಗೆ ಸುಮಾರು ಎರಡೂಕಾಲು ಗಂಟೆ. ಅಲ್ಲಿ ಕಾರ್ಲೈಲ್ ಕಡೆಗೆ ಹೋಗುವ ರೈಲು ಹತ್ತಿದರೆ ಇನ್ನೊಂದು ಒಂದೂವರೆ ಗಂಟೆ. ರಿಬಲ್‌ಹೆಡ್‌ನಲ್ಲಿ 24 ಕಮಾನುಗಳ ಕಲ್ಲುಸೇತುವೆ ದಾಟಿದ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಬ್ಲೇ ಮೂರ್ ಸುರಂಗ ಬರುತ್ತೆ. ಕತ್ತಲಾಯ್ತು ಅಂದ್ರೆ ಬ್ಯಾಗು ಕೈಗೆ ತಗೊಳ್ಳಿ, ಮುಂದಿನ ಸ್ಟೇಷನ್ನೇ ಡೆಂಟ್.

ಇಳಿದು ನೋಡಿದರೆ ಹಳ್ಳಿಯೇ ಇಲ್ಲ! ಸಮುದ್ರಮಟ್ಟದಿಂದ 1,150 ಅಡಿ ಮೇಲಿರುವ ಇದು ಇಂಗ್ಲೆಂಡಿನ ಮುಖ್ಯ ರೈಲುಮಾರ್ಗಗಳಲ್ಲೇ ಅತಿ ಎತ್ತರದ ಸ್ಟೇಷನ್. ಹಳ್ಳಿ ಕೆಳಗೆ ಕಣಿವೆಯಲ್ಲಿದೆ, ನಾಲ್ಕು ಮೈಲಿಗೂ ಹೆಚ್ಚು ದೂರ. ರಸ್ತೆಯೋ, ಮಂಡಿನೋವಿದ್ದವರು ನಡೆಯೋ ಅಂಥದ್ದಲ್ಲ. ಸುಬ್ರಹ್ಮಣ್ಯ ರೋಡ್ ಅಂತ ನೆಟ್ಟಣದಲ್ಲಿ ಇಳಿದವರಿಗೆ ಈ ಅನುಭವ ಹೊಸದೇನಲ್ಲ. ಆದ್ರೆ ಅಲ್ಲಿ "ಕುಕ್ಕೆ, ಕುಕ್ಕೆ" ಅಂತ ಕರೆಯೋರು ಇರ್ತಾರೆ, ಇಲ್ಲಿ ಗಾಳಿ ಬಿಟ್ಟರೆ ಯಾರೂ ಕರೆಯಲ್ಲ.

ಹೀಗೇಕೆ? ಮಿಡ್‌ಲ್ಯಾಂಡ್ ರೈಲ್ವೆ ಕಂಪನಿ ಈ ಮಾರ್ಗ ಹಾಕಿದ್ದು ಹಳ್ಳಿಗಳಿಗೋಸ್ಕರ ಅಲ್ಲ. ಲಂಡನ್ನಿಂದ ಸ್ಕಾಟ್ಲೆಂಡಿಗೆ ವೇಗವಾಗಿ ಹೋಗೋ ಸ್ವಂತ ದಾರಿ ಅದಕ್ಕೆ ಬೇಕಿತ್ತು. ಅದಕ್ಕೇ ಗುಡ್ಡದ ಮೇಲ್ಭಾಗದಲ್ಲೇ ಹಳಿ ಹಾಕಿದರು. 1876ರಲ್ಲಿ ಪ್ರಯಾಣಿಕರ ರೈಲು ಓಡಿತು. 1970ರಲ್ಲಿ ಡೆಂಟ್ ಸ್ಟೇಷನ್ ಮುಚ್ಚಿ, 1986ರಲ್ಲಿ ಮತ್ತೆ ತೆರೆಯಿತು. ಅಷ್ಟರಲ್ಲಿ ಇಡೀ ಮಾರ್ಗವನ್ನೇ ಮುಚ್ಚುವ ಮಾತು ಬಂದು ಜನ ಸಾವಿರಗಟ್ಟಲೆ ಆಕ್ಷೇಪಣೆ ಕಳಿಸಿದರು. ಒಂದು ನಾಯಿಯ ಪಂಜದ ಗುರುತೂ ಅದರಲ್ಲಿತ್ತು! 1989ರಲ್ಲಿ ಸರ್ಕಾರ ಮುಚ್ಚಲು ಒಪ್ಪಲಿಲ್ಲ.

ಹಾಗಾಗಿ ಟಿಕೆಟ್ ಆ್ಯಪ್ ತೆರೆಯೋ ಮುಂಚೆ ಎರಡು ಕೆಲಸ ಮಾಡಿ.

ಒಂದು, ಉಳಿದುಕೊಳ್ಳೋ ಮನೆಗೆ ಫೋನ್ ಮಾಡಿ. "ಸ್ಟೇಷನ್ನಿಂದ ಹೇಗೆ ಬರಬೇಕು?" ಅಂತ ಅವರನ್ನೇ ಕೇಳಿ. ಟ್ಯಾಕ್ಸಿ ಸುತ್ತಲಿನ ಪೇಟೆಗಳಿಂದ ಬರಬೇಕು, ಮೊದಲೇ ಹೇಳಿಡಿ, ವಾಪಸ್ ಬರೋದಕ್ಕೂ ಆಗಲೇ ಮಾತಾಡಿ. ಅಲ್ಲಿಗೆ ಹೋಗಿ ಬುಕ್ ಮಾಡಿದ್ರಾಯ್ತು ಅಂದ್ಕೋಬೇಡಿ, ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡಬಹುದು.

ಎರಡು, ಹಗಲು ನೋಡಿಕೊಳ್ಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಈ ಮಾರ್ಗದಲ್ಲಿ ರೈಲುಗಳು ಕಡಿಮೆ, ಒಂದು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕಾದೀತು. ಭಾನುವಾರ ಹಳಿ ರಿಪೇರಿ ಅಂತ ರೈಲಿನ ಬದಲು ಬಸ್ ಬಿಡೋದೂ ಉಂಟು. ಡಿಸೆಂಬರ್ 25ರಂದು ಮಾಮೂಲಿ ರೈಲುಗಳೇ ಇಲ್ಲ.

ಇದೆಲ್ಲಾ ಖಾತ್ರಿಯಾದ ಮೇಲೆ ಟಿಕೆಟ್. ಅಡ್ವಾನ್ಸ್ ಟಿಕೆಟ್ ಅಗ್ಗ, ಆದರೆ ನಮೂದಿಸಿದ ರೈಲಿಗೆ ಮಾತ್ರ. ಅರುವತ್ತು ದಾಟಿದ ಅಪ್ಪ-ಅಮ್ಮನಿಗೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿದರೆ ಮೂರರಲ್ಲೊಂದು ಪಾಲು ಉಳಿಯುತ್ತೆ. ಪ್ರವಾಸಕ್ಕೆ ಬಂದವರೂ ಮಾಡಿಸಬಹುದು. ನಿಮಗೆ ಮೂವತ್ತರೊಳಗೆ ವಯಸ್ಸಾದರೆ ನಿಮಗೂ ಅಂಥದೇ ಕಾರ್ಡ್ ಇದೆ. ಲಂಡನ್ನಿಂದ ಡೆಂಟ್‌ವರೆಗೆ ಒಂದೇ ಟಿಕೆಟ್ ತಗೊಳ್ಳಿ. ಮೊದಲ ರೈಲು ತಡವಾಗಿ ಲೀಡ್ಸ್‌ನಲ್ಲಿ ಎರಡನೆಯದು ತಪ್ಪಿದರೆ, ಅದೇ ಟಿಕೆಟ್‌ನಲ್ಲಿ ಮುಂದಿನದು ಹತ್ತಬಹುದು. ಆಗ ಟ್ಯಾಕ್ಸಿಯವರಿಗೆ ಒಂದು ಫೋನ್ ಮಾಡೋದು ಮರೀಬೇಡಿ.

ಟ್ಯಾಕ್ಸಿ ಸಿಗಲೇ ಇಲ್ವಾ? ಹಟ ಬೇಡ. ಅದೇ ರೈಲಿನಲ್ಲಿ ಡೆಂಟ್‌ಗಿಂತ ಮೊದಲೇ ಬರುವ ಸೆಟಲ್‌ನಲ್ಲಿ ರೂಮ್ ನೋಡಿ. ಅದು ಹಳ್ಳಿಯಲ್ಲ, ಪುಟ್ಟ ಸಂತೆಪೇಟೆ. ಆದರೆ ಸ್ಟೇಷನ್ನಿಂದ ಪೇಟೆಯ ನಡುವಿಗೆ ಅಮ್ಮ ನಿಧಾನವಾಗಿ ನಡೆದರೂ ಐದೇ ನಿಮಿಷದ ದಾರಿ. ಮರುದಿನ ಬೆಳಿಗ್ಗೆ ಕಿಟಕಿ ಪಕ್ಕ ಕೂತು ಸೇತುವೆ ದಾಟಿ, ಸುರಂಗ ದಾಟಿ, ಡೆಂಟ್ ಕಣಿವೆಯನ್ನು ಮೇಲಿಂದಲೇ ನೋಡಿಕೊಂಡು ಕಾರ್ಲೈಲ್‌ವರೆಗೆ ಹೋಗಿ ಬನ್ನಿ. ಬುತ್ತಿಗೆ ಚಿತ್ರಾನ್ನ ಇರಲಿ.