ಪೇಟೆಯ ಬೆಳಕೂ ಪಂಚೆಯ ಗೌರವವೂ

ಪಟ್ಟಣವನ್ನು ನೋಡಬೇಕೆಂಬ ಹಂಬಲ ಹಳ್ಳಿಯ ಬಾಲಕನಿಗೆ ಸಹಜವಾದುದು. ಶಾಲಾ ಪ್ರವಾಸವೆಂದರೆ ಬೆಂಗಳೂರಿನ ವಿಧಾನಸೌಧ, ಲಾಲ್‌ಬಾಗು, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಗಳನ್ನು ತೋರಿಸಿ ಕರೆತರುವುದು ರೂಢಿ. ಮಹಾತ್ಮಾ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟುಗಳ ವೈಭವ ಮಾತ್ರ ಬಸ್ಸಿನ ಕಿಟಕಿಯಲ್ಲಿಯೇ ಹಾದುಹೋಗುತ್ತದೆ. ಅಲ್ಲಿ ಕಲಿಯತಕ್ಕುದೇನೂ ಇಲ್ಲವೆಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸಮಂಜಸವಾದುದಲ್ಲ.

ಬ್ರಿಟಿಷರ ದಂಡುಪ್ರದೇಶದಲ್ಲಿ ‘ಸೌತ್ ಪರೇಡ್’ ಎನಿಸಿಕೊಂಡಿದ್ದ ಬೀದಿಗೆ 1948ರಲ್ಲಿ ಮಹಾತ್ಮರ ಹೆಸರು ಬಂದಿತು. ಸರಳತೆಯನ್ನೇ ವ್ರತವಾಗಿ ಪಾಲಿಸಿದವರ ಹೆಸರಿನ ಬೀದಿಯು ದುಬಾರಿ ಅಂಗಡಿಗಳ ತಾಣವಾದುದು ಕಾಲದ ವೈಚಿತ್ರ್ಯವೇ ಸರಿ. 1936ರಲ್ಲಿ ತಲೆಯೆತ್ತಿದ ಪ್ಲಾಜಾ ಚಿತ್ರಮಂದಿರ ಇಂದಿಲ್ಲ; ನಗರದ ಪ್ರಥಮ ಮೆಟ್ರೋ ರೈಲು 2011ರಲ್ಲಿ ಬೈಯಪ್ಪನಹಳ್ಳಿಯಿಂದ ಈ ಬೀದಿಗೇ ಬಂದಿತು. ಇಲ್ಲಿಯ ಕಾವೇರಿ ಮಳಿಗೆಯಲ್ಲಿ ನಾಡಿನ ಕುಶಲಕರ್ಮಿಗಳ ಗಂಧದ ಕೆತ್ತನೆಯೂ ಚನ್ನಪಟ್ಟಣದ ಬೊಂಬೆಗಳೂ ಕಾಣಸಿಗುತ್ತವೆ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಗಂಟೆಗಟ್ಟಲೆ ನಿಂತು ಪುಟ ತಿರುವಬಹುದು. ಇವೆಲ್ಲವೂ ಪಾಠವಲ್ಲದೆ ಮತ್ತೇನು?

ಇದಕ್ಕಿಂತಲೂ ಗುರುತರವಾದ ವಿಷಯ ಮತ್ತೊಂದಿದೆ. 2024ರ ಜುಲೈ ತಿಂಗಳಿನಲ್ಲಿ, ಅದೇ ನಗರದ ಮತ್ತೊಂದು ಭಾಗದಲ್ಲಿ, ಮಗನೊಡನೆ ಚಲನಚಿತ್ರ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆಯುಟ್ಟ ಕಾರಣಕ್ಕಾಗಿ ಮಾಲ್ ಒಂದರ ಬಾಗಿಲಲ್ಲಿ ತಡೆಯಲಾಯಿತು. ಕೈಯಲ್ಲಿ ಟಿಕೆಟ್ಟಿದ್ದರೂ ಪ್ರವೇಶ ದೊರೆಯಲಿಲ್ಲ. ನಾಡು ಕೆರಳಿತು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸಾರಿತು. ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂಬ ಶಾಸನವೂ ಅದೇ ವರ್ಷ ಬಂದಿತು. ಇವೆರಡೂ ಸ್ವಾಗತಾರ್ಹವೇ. ಆದರೆ ಫಲಕ ಕನ್ನಡವಾದ ಮಾತ್ರಕ್ಕೆ ಒಳಗೆ ಕಾಲಿಡುವವನ ಅಳುಕು ಅಳಿಯುವುದಿಲ್ಲ. ಬಾಗಿಲು ಕಾಯುವವನು ತಡೆಯದಿದ್ದರೂ, ತನ್ನ ಉಡುಪನ್ನೂ ನುಡಿಯನ್ನೂ ನೆನೆದು ತಾನೇ ಹಿಂದೆ ಸರಿಯುವ ಮಕ್ಕಳೆಷ್ಟಿಲ್ಲ! ಈ ಅಳುಕನ್ನು ಕಳೆಯುವುದು ಶಾಸನದ ಕೆಲಸವಲ್ಲ, ಶಾಲೆಯ ಕೆಲಸ.

ವೈಭವವನ್ನು ಕಂಡರೆ ಎಳೆಯ ಮನಸ್ಸಿನಲ್ಲಿ ಆಸೆ ಮೊಳೆತೀತೆಂದು ಹಿರಿಯರು ಶಂಕಿಸುವುದುಂಟು. ಶಂಕೆ ನಿರಾಧಾರವಲ್ಲ. ಆದರೆ ಅಂಗೈಯ ಮೊಬೈಲಿನಲ್ಲಿ ಆ ವೈಭವವೆಲ್ಲ ನಿತ್ಯವೂ ಕುಣಿಯುತ್ತಿರುವಾಗ ಮರೆಮಾಚುವುದರಿಂದ ಪ್ರಯೋಜನವೇನು? ಗುರುವಿನ ಜೊತೆಯಲ್ಲಿ ಕಂಡ ಆಸೆಗೆ ವಿವೇಕದ ಕಡಿವಾಣವಿರುತ್ತದೆ. ಒಂಟಿಯಾಗಿ ಕಂಡ ಆಸೆಗೆ ಅದಿರದು.

ಆದುದರಿಂದ ಪ್ರವಾಸದ ಒಂದು ಸಂಜೆಯನ್ನು ಅಧ್ಯಾಪಕರು ಈ ಬೀದಿಗಳಿಗೆ ಮೀಸಲಿಡಲಿ. ಮಗು ಫಲಕಗಳನ್ನು ಓದಲಿ, ಬೊಂಬೆಯ ಬೆಲೆಯನ್ನು ಸ್ಪಷ್ಟವಾದ ಕನ್ನಡದಲ್ಲಿ ಕೇಳಲಿ, ಒಂದು ಪುಸ್ತಕವನ್ನು ತಾನೇ ಆರಿಸಿಕೊಳ್ಳಲಿ. ಆ ಪುಸ್ತಕದ ಬೆಲೆಯನ್ನು ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ವಹಿಸಿಕೊಂಡರೆ ಅದು ಸಾರ್ಥಕವಾದ ದಾನ. ಹಾಗೆ ನಡೆದು ಬಂದ ಮಗು ಮುಂದೊಂದು ದಿನ ಪಂಚೆಯುಟ್ಟ ತನ್ನ ತಂದೆಯ ಕೈಹಿಡಿದು ಅದೇ ಬೀದಿಯಲ್ಲಿ ತಲೆಯೆತ್ತಿ ನಡೆದೀತು.