ಬಿಸಿಯಾಗೋ ಓಮ್ನಿ ಮಾರಿದ್ದು

ಕಳೆದ ತಿಂಗಳು ನಮ್ಮನೆಯ ಓಮ್ನಿ ಮಾರಿದೆ. ರಾಮಥಾಳದ ನಮ್ಮ ಓಣಿಯವರಿಗೆಲ್ಲ ಅದು ಅರ್ಧ ಸ್ವಂತ ಗಾಡಿ ಇದ್ದ ಹಾಗೇ ಇತ್ತು. ಹುನಗುಂದದ ದವಾಖಾನೆಗೆ, ಕೂಡಲಸಂಗಮಕ್ಕೆ, ಬನಶಂಕರಿ ಜಾತ್ರೆಗೆ, ಮದುವೆ ಸೀರೆ ತರೋಕೆ ಇಳಕಲ್ಲಿಗೆ... ಎಲ್ಲದಕ್ಕೂ ಅದೇ.

2010ರ ಮಾಡೆಲ್. ಒಂದು ವರ್ಷದಿಂದ ರೇಡಿಯೇಟರಿನಲ್ಲಿ ನೀರು ನಿಲ್ಲುತ್ತಿರಲಿಲ್ಲ. ಕೂಲಂಟ್ ಹಾಕೋದು ಬಿಟ್ಟು ಬೋರಿನ ನೀರು ಸುರಿದು ಓಡಿಸಿದೆವು, ತಪ್ಪು ನಮ್ಮದೇ. ಕೊನೆಗೆ ಮೆಕ್ಯಾನಿಕ್ ಆಯಿಲ್ ಮುಚ್ಚಳ ತೆಗೆದು ತೋರಿಸಿದ. ಒಳಗಿನ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು! ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಬೇಕು, ಅದು ಬೆಂಡ್ ಆಗಿದ್ದರೆ ಲೇಥಿಗೆ ಕೊಡಬೇಕು, ಇಪ್ಪತ್ತು ಸಾವಿರವಾದರೂ ಬೇಕು ಅಂದ.

ಮಾರಿಬಿಡೋಣ ಅಂತ ಗಾಡಿ ಏಜೆಂಟರೊಬ್ಬರನ್ನು ಕೇಳಿದೆ. "ಆಯಿಲ್ ಹೊಸಾದು ಹಾಕ್ರಿ, ರೇಡಿಯೇಟರ್ ತುಂಬ್ಸ್ರಿ, ಮುಂಜಾನೆ ತಂಪಿನ್ಯಾಗ ನಾಕ್ ಕಿಲೋಮೀಟರ್ ಟ್ರಯಲ್ ಕೊಡ್ರಿ. ಸೀಟಿನ ಕೆಳಗ ಯಾರ್ ನೋಡ್ತಾರ್ರಿ?" ಅಂದರು. ಓಮ್ನಿಯ ಇಂಜಿನ್ ಇರೋದೇ ಮುಂದಿನ ಸೀಟಿನ ಕೆಳಗೆ. ಸುಳ್ಳು ಯಾಕೆ ಹೇಳಲಿ, ಆಯಿಲ್ ಡಬ್ಬಿ ತಂದೂ ಇಟ್ಟಿದ್ದೆ.

ಕೊಳ್ಳೋಕೆ ಬಂದವನು ನಮ್ಮೂರಿನ ಹುಡುಗನೇ. ಹೆಂಡತಿಗೆ ಏಳು ತಿಂಗಳು, ಬಾಗಲಕೋಟೆಗೆ ತೋರಿಸೋಕೆ ಓಡಾಡಬೇಕು ಅಂದ. ಸೀಟು ಎತ್ತಿ ನೋಡಲಿಲ್ಲ. "ಕಾಕಾ, ನೀವ್ ಇಟ್ಟ ಗಾಡಿ. ಏನಾರ ಇದ್ರ ನೀವಾ ಹೇಳ್ತಿದ್ರಿ, ಹೌದಲ್ರಿ?" ಅಂದ.

ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ?

ನಮ್ಮ 1872ರ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಇಂಥದ್ದೇ ಒಂದು ಉದಾಹರಣೆ ಇದೆ. ರೋಗದ ಕುದುರೆ ಮಾರುವವನು ಏನೂ ಹೇಳದೆ ಸುಮ್ಮನಿದ್ದರೆ ಅಷ್ಟಕ್ಕೇ ಅದು ಮೋಸ ಆಗೋಲ್ಲ. ಆದರೆ ಕೊಳ್ಳುವವನು "ನೀನು ಅಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತ ತಿಳಿದುಕೊಳ್ತೇನೆ" ಅಂದಮೇಲೂ ಸುಮ್ಮನಿದ್ದರೆ ಆ ಮೌನವೂ ಮಾತಿಗೆ ಸಮ! ಇನ್ನು ಆಯಿಲ್ ಬದಲಿಸಿ ದೋಷ ಮುಚ್ಚೋದಂತೂ ಸುಮ್ಮನಿರೋದಲ್ಲ, ಬೇಕಂತಲೇ ಮರೆಮಾಚೋದು.

"ಹಳೇ ಗಾಡಿ, ನೋಡಿ ಕೊಳ್ಳೋದು ಅವನ ಕೆಲಸ" ಅನ್ನುವವರಿದ್ದಾರೆ. ದನದ ಸಂತೆಯಲ್ಲಿ ಆ ಮಾತು ಸ್ವಲ್ಪ ನಡೆದೀತು. ಎತ್ತಿನ ಬಾಯಿ ತೆಗೆದು ಹಲ್ಲು ಎಣಿಸಬಹುದು, ಸುಳಿ ನೋಡಬಹುದು, ನಡೆಸಿ ನೋಡಬಹುದು. ಗ್ಯಾಸ್ಕೆಟ್ಟಿಗೆ ಹಲ್ಲು ಎಲ್ಲಿದೆ? ನಾಕು ಕಿಲೋಮೀಟರಿಗೆ ಗೊತ್ತಾಗದ್ದು ಬಾಗಲಕೋಟೆ ರಸ್ತೆಯಲ್ಲಿ, ನಡುರಾತ್ರಿ, ಬಸುರಿ ಹೆಂಗಸು ಒಳಗೆ ಕೂತಾಗ ಗೊತ್ತಾಗುತ್ತದೆ.

ಎಲ್ಲಾ ಹೇಳಿದೆ. ಮೆಕ್ಯಾನಿಕ್ ಕೊಟ್ಟ ಚೀಟಿಯನ್ನೂ ತೋರಿಸಿದೆ. ಹುಡುಗನ ಮುಖ ಸಣ್ಣದಾಯಿತು. ಒಂದು ತಾಸು ಚೌಕಾಸಿ ಆಗಿ, ನಾನು ಅಂದುಕೊಂಡಿದ್ದಕ್ಕಿಂತ ಇಪ್ಪತ್ತೈದು ಸಾವಿರ ಕಮ್ಮಿಗೆ ವ್ಯಾಪಾರ ಕುದುರಿತು. ರಿಪೇರಿ ಮುಗಿಯೋವರೆಗೂ ಹೆಂಡತಿಯನ್ನು ಕೂರಿಸಬೇಡ ಅಂತ ಹೇಳಿಯೇ ಕೀಲಿ ಕೊಟ್ಟೆ. ನಷ್ಟ ಅನ್ನಿಸಿತಾ? ಅನ್ನಿಸಿತು. ಆದರೆ ನಾನೇ ರಿಪೇರಿ ಮಾಡಿಸಿದ್ದರೂ ಹೆಚ್ಚುಕಮ್ಮಿ ಅಷ್ಟೇ ಹೋಗುತ್ತಿತ್ತು. 2019ರಲ್ಲೇ ಓಮ್ನಿ ತಯಾರಿಕೆ ನಿಂತಿದೆ, ಆದರೂ ಬೇಕು ಅನ್ನುವವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹಾಗಾಗಿ ದೋಷ ಹೇಳಿದರೆ ಗಾಡಿ ಹೋಗೋದೇ ಇಲ್ಲ ಅನ್ನೋದೂ ಸುಳ್ಳು.

ಒಂದು ಹಾಳೆಯಲ್ಲಿ ಇರುವ ದೋಷ, ದಿನಾಂಕ, ಕೊಟ್ಟ ಸಮಯ ಬರೆದು ಇಬ್ಬರೂ ಸಹಿ ಹಾಕಿದೆವು. ಫಾರ್ಮ್ 29, 30ಕ್ಕೂ ಅವತ್ತೇ ಸಹಿ ಮಾಡಿದೆ. ನಮ್ಮ ಕಡೆ ಕೀಲಿ ಕೊಟ್ಟರೆ ಮುಗಿಯಿತು ಅನ್ನೋ ರೂಢಿ. ಆದರೆ ರಾಜ್ಯದೊಳಗೇ ಮಾರಿದರೆ ಮಾರಿದವನು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ಹಳೇ ಮಾಲೀಕನೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂದರೆ ನಿಜ ಹೇಳೋದು, ಕಾಗದ ಮಾಡೋದು ಎರಡೂ ಕೊಳ್ಳುವವನಿಗಷ್ಟೇ ಅಲ್ಲ, ಮಾರುವವನಿಗೂ ರಕ್ಷಣೆ.

ಆ ಆಯಿಲ್ ಡಬ್ಬಿ? ಹೆಡ್ ಕೆಲಸ ಮುಗಿದಮೇಲೆ ಹಾಕ್ಕೋ ಅಂತ ಅವನಿಗೇ ಕೊಟ್ಟೆ.

ನೀವಾಗಿದ್ದರೆ ಏನು ಮಾಡ್ತಿದ್ರಿ?